ಅದಲುಬದಲಕ್ಕನ ತಪ್ಪುಗಳು

ಆ ಕಟ್ಟಡದ ಮೆಟ್ಟಿಲ ಕೆಳಗೆ ಒಂದು ಸಂದಿ ಇದೆ. ಕಟ್ಟಿಸಿದವನು ಅದನ್ನು ಯಾತಕ್ಕೆ ಬಿಟ್ಟನೋ, ಬಹುಶಃ ಅವನಿಗೇ ಗೊತ್ತಿರಲಿಲ್ಲ. ಮುಂದುಗಡೆ ನೆಟ್ಟಗೆ ನಿಲ್ಲಬಹುದು, ಹಿಂದಕ್ಕೆ ಹೋದಹಾಗೆ ತಲೆ ತಗ್ಗಿಸಬೇಕು, ಇನ್ನೂ ಹಿಂದಕ್ಕೆ ಹೋದರೆ ಕೂತೇಬಿಡಬೇಕು. ಅಲ್ಲಿ ಒಂದು ಉದ್ದನೆಯ ಮೇಜು, ಅದರ ಮೇಲೆ ಮಡಿಸಿ ಹಾಸಿದ ಹಳೇ ಕಂಬಳಿ, ಗೋಡೆಗೆ ಹೊಡೆದ ಒಂದು ಹಲಗೆ, ಮತ್ತೆ ನಮ್ಮ ಅದಲುಬದಲಕ್ಕ. ಇಸ್ತ್ರಿ ಮಾಡುವುದು ಅವಳ ಕಸುಬು. ನಾಲ್ಕು ಮಹಡಿಯ ಆ ಕಟ್ಟಡದಿಂದ ಯಾರಾದರೂ ಸುಕ್ಕಿಲ್ಲದ ಅಂಗಿ ತೊಟ್ಟು ಬೀದಿಗೆ ಕಾಲಿಟ್ಟರೆ ಅದು ಅವಳ ಕೈಗುಣ.

ಈ ಹೆಸರು ಅವಳಿಗೆ ಹೆತ್ತವರು ಇಟ್ಟದ್ದಲ್ಲ, ಕಟ್ಟಡದವರು ಇಟ್ಟದ್ದು, ಅದೂ ಸುಮ್ಮಸುಮ್ಮನೆ ಅಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವವರು ಒಗೆದ ಬಟ್ಟೆ ತಂದು ಮೇಜಿನ ಮೇಲೆ ಸುರಿದು ಹೋಗುತ್ತಾರೆ. ಸಂಜೆಯೊಳಗೆ ಅವೆಲ್ಲ ಇಸ್ತ್ರಿಯಾಗಿ, ಆಯಾ ಮನೆಯ ಹಳೇ ಬೆಡ್‌ಶೀಟಿನ ತುಂಡಿನಲ್ಲಿ ಗಂಟು ಕಟ್ಟಿಸಿಕೊಂಡು ಹಲಗೆಯ ಮೇಲೆ ಸಾಲಾಗಿ ಕೂತಿರುತ್ತವೆ. ಬಂದವರು ತಮ್ಮ ತಮ್ಮ ಗಂಟು ಎತ್ತಿಕೊಂಡು ಮೆಟ್ಟಿಲು ಹತ್ತುತ್ತಾರೆ. ಮೇಲೆ ಹೋಗಿ ಬಿಚ್ಚಿ ನೋಡಿದರೆ ತಮ್ಮ ಬಟ್ಟೆಗಳ ಮಧ್ಯೆ ಇನ್ಯಾರದೋ ಒಂದು ಅಂಗಿ ಸಂಬಂಧಿಕರ ಹಾಗೆ ಮಲಗಿರುತ್ತದೆ. ಇವತ್ತು ಈ ಮನೆ, ನಾಳೆ ಆ ಮನೆ. ಆ ಅಂಗಿ ಹಿಡಿದುಕೊಂಡು ಪಕ್ಕದ ಬಾಗಿಲು, ಮೇಲಿನ ಬಾಗಿಲು ತಟ್ಟುತ್ತಾ ಹೋಗುವುದು ಅಲ್ಲಿಯವರಿಗೆ ರೂಢಿಯಾಗಿಹೋಗಿತ್ತು.

ಪಾಪ, ಮರೆವು, ಅನ್ನುತ್ತಿದ್ದರು ಜನ. ಮರೆವೂ ಇಲ್ಲ, ಮಣ್ಣೂ ಇಲ್ಲ. ಯಾವ ಮನೆಯ ಯಾವ ಶರ್ಟಿನ ಯಾವ ಗುಂಡಿ ಸಡಿಲವಾಗಿದೆ ಅಂತ ಅವಳು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಬೇಕೂ ಅಂತಲೇ ಮಾಡುತ್ತಿದ್ದಳು, ಕಳ್ಳಿ.

ಆದರೆ ಮೊದಲನೇ ತಪ್ಪು ಮಾತ್ರ ನಿಜವಾದ ತಪ್ಪೇ. ಆಗ ಅವಳ ಗಂಡ ತೀರಿಕೊಂಡು ಸ್ವಲ್ಪ ದಿನ ಆಗಿತ್ತಷ್ಟೆ. ಆ ಮೇಜಿನ ಮುಂದೆ ಮೊದಲು ನಿಲ್ಲುತ್ತಿದ್ದವನು ಅವನೇ. ಬಾಯಿ ತುಂಬ ಮಾತಿನ ಮನುಷ್ಯ. ಅವನ ಜಾಗದಲ್ಲಿ ಇವಳು ನಿಂತಾಗ ಜನಕ್ಕೆ ಏನು ಹೇಳಬೇಕೋ ತೋಚಲಿಲ್ಲ. ಬಟ್ಟೆ ಇಡುವುದು, "ಸಂಜೆಗೆ ಬೇಕಿತ್ತು" ಅನ್ನುವುದು, ಹೋಗುವುದು. ಯಾರೂ ಕೆಟ್ಟವರಲ್ಲ, ಆದರೂ ದಿನವೆಲ್ಲ ಅವಳ ಕಿವಿಗೆ ಬೀಳುತ್ತಿದ್ದದ್ದು ಆ ಒಂದೇ ಮಾತು. ಮನೆಗೆ ಹೋದರೆ ಅದೂ ಇಲ್ಲ. ಹಾಗೆ ಮನಸ್ಸು ಎಲ್ಲೋ ಇದ್ದ ಒಂದು ದಿನ, ಎರಡನೇ ಮಹಡಿಯ ಲೆಕ್ಕದ ಮೇಷ್ಟ್ರ ಬಿಳಿ ಅಂಗಿ ಅವರ ಎದುರು ಮನೆಯ ಬಸ್ ಡ್ರೈವರನ ಗಂಟಿಗೆ ಸೇರಿಹೋಯಿತು.

ಮೇಷ್ಟ್ರೂ ಡ್ರೈವರೂ ಎದುರುಬದುರು ಬಾಗಿಲಿನವರು. ವರ್ಷಗಟ್ಟಲೆ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಜಗಳ ಅಂತೇನೂ ಇರಲಿಲ್ಲ. ಮೊದಲು ಯಾರು ಮಾತಾಡಬೇಕು ಅನ್ನುವುದು ಇತ್ಯರ್ಥವಾಗಿರಲಿಲ್ಲ, ಅಷ್ಟೆ. ಡ್ರೈವರು ಅಂಗಿ ಹಿಡಿದು ಬಾಗಿಲು ತಟ್ಟಿದ. ಮೇಷ್ಟ್ರು ಒಳಗೆ ಕರೆದರು. ಮಾರನೇ ದಿನ ಇಬ್ಬರೂ ಒಟ್ಟಿಗೇ ಕೆಳಗೆ ಬಂದು ಮೇಜಿನ ಮುಂದೆ ನಿಂತು ಅವಳನ್ನು ತರಾಟೆಗೆ ತೆಗೆದುಕೊಂಡರು. ಒಬ್ಬರು ಬೈಯುವುದು ಬಿಟ್ಟ ಕಡೆ ಇನ್ನೊಬ್ಬರು ಹಿಡಿದುಕೊಳ್ಳುತ್ತಿದ್ದರು. ಏನು ಹೊಂದಾಣಿಕೆ ಅಂತೀರಿ. ಬೈದೂ ಬೈದೂ ಬಾಯಾರಿ, ಅವಳ ಹತ್ತಿರವೇ ನೀರು ಇಸಿದುಕೊಂಡು ಕುಡಿದು, "ಊಟ ಆಯ್ತೇನಮ್ಮಾ?" ಅಂತ ಕೇಳಿ ಹೋದರು. ಗಂಡ ಹೋದ ಮೇಲೆ ಅಷ್ಟು ಹೊತ್ತು ಅವಳ ಹತ್ತಿರ ಯಾರೂ ನಿಂತಿರಲಿಲ್ಲ. ಅವತ್ತು ರಾತ್ರಿ ಅವಳು ಹೊಟ್ಟೆ ತುಂಬ ಉಂಡಳು.

ಅಲ್ಲಿಂದ ಶುರು. ರುಚಿ ಹತ್ತಿತು ಅನ್ನಿ. ಮದುವೆ ದಲ್ಲಾಳಿ ಜಾತಕ ನೋಡುವ ಹಾಗೆ ಅವಳು ಬಟ್ಟೆ ನೋಡಿ ಮನೆ ಕೂಡಿಸುವುದಕ್ಕೆ ನಿಂತಳು. ಮೂರನೇ ಮಹಡಿಯ ನರ್ಸಮ್ಮ ಒಂಟಿ, ಪಾಳಿ ಕೆಲಸ ಮುಗಿಸಿ ಬಂದು ಗೋಡೆ ನೋಡಿಕೊಂಡು ಕೂರುವವಳು. ಕೆಳಗಿನ ಮನೆಯಲ್ಲಿ ಹಸುಗೂಸಿನ ತಾಯಿ, ಕೂಸು ಸೀನಿದರೂ ಅತ್ತುಬಿಡುವವಳು. ಒಂದು ದಿಂಬಿನ ಕವರು ಕೆಳಗಿನಿಂದ ಮೇಲೆ ಹೋಯಿತು, ವಾರದೊಳಗೆ ಕೂಸಿಗೆ ಒಬ್ಬಳು ಚಿಕ್ಕಮ್ಮ ಸಿಕ್ಕಳು. ಇದಕ್ಕೆಲ್ಲ ಅವಳದೇ ಆದ ಕಟ್ಟುಪಾಡುಗಳಿದ್ದವು. ಯೂನಿಫಾರಂ ಮುಟ್ಟುವ ಹಾಗಿಲ್ಲ. ಮಾರನೇ ದಿನಕ್ಕೆ ಬೇಕೇ ಬೇಕು ಅನ್ನುವ ಬಟ್ಟೆ ಮುಟ್ಟುವ ಹಾಗಿಲ್ಲ. ಬೆಲೆಬಾಳುವುದನ್ನಂತೂ ಮುಟ್ಟುವ ಹಾಗೇ ಇಲ್ಲ.

ಎಡವಟ್ಟೂ ಆಗಿದೆ, ಆಗಿಲ್ಲ ಅಂತಲ್ಲ. ಒಂದು ಸಲ ಮೊದಲನೇ ಮಹಡಿಯ ಅಜ್ಜಿಯ ಹೂಹೂವಿನ ನೈಟಿಯನ್ನು ಎದುರು ಮನೆಯ ಬ್ರಹ್ಮಚಾರಿ ಹುಡುಗನ ಗಂಟಿಗೆ ಹಾಕಿದ್ದಳು. ಅವತ್ತೇ ಅವನ ಭಾವೀ ಅತ್ತೆ ಮನೆ ನೋಡುವುದಕ್ಕೆ ಬರಬೇಕೆ. ಆಕೆಯ ಎದುರಿಗೇ ಗಂಟು ಬಿಚ್ಚಿದ್ದಾನೆ, ದಡ್ಡ. ಮದುವೆ ಮುರಿಯುವುದೊಂದು ಬಾಕಿ ಇತ್ತು. ಗದ್ದಲ ಕೇಳಿ ಅಜ್ಜಿಯೇ ಕೋಲೂರಿಕೊಂಡು ಹೋಗಿ, ನೈಟಿಯನ್ನು ಮೈಗೆ ಹಿಡಿದು ಅಳತೆ ತೋರಿಸಿ, "ಇದರೊಳಗೆ ಬೇರೆ ಯಾವ ಹುಡುಗಿ ಹಿಡಿಸ್ತಾಳೆ ಹೇಳಿ" ಅಂತ ಭಾವೀ ಅತ್ತೆಯನ್ನು ನಗಿಸಿ, ಅಲ್ಲೇ ಚಹಾ ಕುಡಿದು, ಮದುವೆಗೆ ಕರೆಸಿಕೊಂಡು ವಾಪಸ್ ಬಂದಳು.

ಹೀಗೆ ನಡೆಯುತ್ತಿದ್ದ ಕಟ್ಟಡದ ಕೊನೇ ಮಹಡಿಗೆ ನೋಟಿಸ್ ಸಾಹೇಬರು ಬಂದರು. ದೊಡ್ಡ ಆಫೀಸಿನಲ್ಲಿ ದೊಡ್ಡ ಕುರ್ಚಿಯಲ್ಲಿ ಕೂತು ನಿವೃತ್ತರಾದವರು. ಹೆಂಡತಿ ಹೋದ ಮೇಲೆ ಇದ್ದ ಮನೆ ಮಾರಿ ಒಬ್ಬರೇ ಬಂದಿದ್ದರು. ಕಟ್ಟಡದ ಕಾರ್ಯದರ್ಶಿ ಆಗುವುದು ಯಾರಿಗೂ ಬೇಡವಾಗಿತ್ತು, ಹೊಸಬರು ಸಿಕ್ಕರಲ್ಲ ಅಂತ ಅವರ ತಲೆಗೆ ಕಟ್ಟಿದರು. ಕಟ್ಟಿದ್ದೇ ತಡ, ಗೋಡೆಯ ಮೇಲೆ ನೋಟಿಸು ಮೂಡತೊಡಗಿದವು. ಮೆಟ್ಟಿಲ ಮೇಲೆ ಕೂರಬೇಡಿ. ಮೆಟ್ಟಿಲ ಮೇಲೆ ನಿಂತು ಮಾತಾಡಬೇಡಿ. ಗೋಡೆಗೆ ಒರಗಬೇಡಿ, ನೋಟಿಸಿಗಂತೂ ಒರಗಲೇಬೇಡಿ. ಅವರು ಇಳಿದು ಬರುವ ಸದ್ದು ಕೇಳಿದರೆ ಮಾತಾಡುತ್ತಿದ್ದವರು ತಮ್ಮ ತಮ್ಮ ಮನೆ ಸೇರಿಕೊಳ್ಳುತ್ತಿದ್ದರು.

ಒಂದು ದಿನ ಸಾಹೇಬರು ಇಸ್ತ್ರಿ ಮೇಜಿನ ಮುಂದೆ ಬಂದು ನಿಂತರು.

"ನೋಡಮ್ಮಾ, ನಿನ್ನ ಕೆಲಸದಲ್ಲಿ ತಪ್ಪು ಜಾಸ್ತಿ ಅಂತ ಕೇಳಿದೀನಿ. ಇವತ್ತಿಂದ ಪ್ರತಿ ಬಟ್ಟೆಗೂ ಒಳಗಡೆ ಮನೆ ನಂಬರು ಬರೆದ ಚೂರು ಹೊಲಿಬೇಕು. ಆಮೇಲೂ ತಪ್ಪಾದ್ರೆ ಈ ಜಾಗ ಖಾಲಿ ಮಾಡಿಸ್ತೀನಿ. ಪೊರಕೆ, ಬಕೆಟ್ಟು ಇಡೋಕೆ ಜಾಗ ಬೇಕಾಗಿದೆ. ಇಸ್ತ್ರಿಗೆ ಬಟ್ಟೆ ತಗೊಂಡುಹೋಗೋಕೆ ಲಾಂಡ್ರಿ ಗಾಡಿ ಬರುತ್ತೆ."

ಅವಳದೊಂದು ಬಾಡಿಗೆ ಕೋಣೆ, ಹಿಂದಿನ ಓಣಿಯಲ್ಲಿ. ಹಾಸಿಗೆ ಬಿಚ್ಚಿದರೆ ಬಾಗಿಲು ತೆಗೆಯುವುದಕ್ಕೆ ಆಗದು, ಅಲ್ಲಿ ಮೇಜು ಎಲ್ಲಿ ಹಾಕುವುದು. ಬೇರೆ ಕಟ್ಟಡಗಳಿಗೆ ಬೇರೆ ಇಸ್ತ್ರಿಯವರಿದ್ದಾರೆ. ಈ ಸಂದಿ ಹೋದರೆ ಕೂಳೂ ಹೋಯಿತು, ಕುಶಾಲೂ ಹೋಯಿತು. "ಆಗಲಿ ಸ್ವಾಮಿ" ಅಂದು ಅವತ್ತೇ ಸೂಜಿ ಹಿಡಿದಳು.

ಅಲ್ಲಿಂದ ಅವಳಷ್ಟು ಒಳ್ಳೆಯವಳು ಲೋಕದಲ್ಲಿ ಇರಲಿಲ್ಲ. ನಂಬರು ನೋಡಿ ಮಡಿಸುವುದು, ನಂಬರು ನೋಡಿ ಜೋಡಿಸುವುದು, ಗಂಟು ಹಾಕುವ ಮುಂಚೆ ಮತ್ತೊಂದು ಸಲ ನೋಡುವುದು. ಜನ ಗಂಟು ಎತ್ತಿಕೊಂಡು ಹೋದರು, ಬಿಚ್ಚಿದರು, ಎಲ್ಲ ಸರಿಯಾಗಿತ್ತು, ಬಾಗಿಲು ಹಾಕಿಕೊಂಡರು. ಕಟ್ಟಡ ಆಸ್ಪತ್ರೆಯ ಹಾಗೆ ತೆಪ್ಪಗಾಯಿತು. ಅಜ್ಜಿ ಒಂದೆರಡು ಸಲ ಬಂದು ಮೇಜಿನ ಮುಂದೆ ಸುಮ್ಮನೆ ನಿಂತು, "ಏನೇ, ನಮ್ಮನೇದು ಎಲ್ಲಾ ಸರಿಯಾಗೇ ಬಂತಲ್ಲ" ಅಂದಳು. ಹೊಗಳಿದಳೋ ದೂರಿದಳೋ ಗೊತ್ತಾಗಲಿಲ್ಲ.

ಆಮೇಲೆ ಒಂದು ಸಂಜೆ ಮತ್ತೆ ತಪ್ಪಾಯಿತು. ಮೇಷ್ಟ್ರ ಬನಿಯನ್ನು ನರ್ಸಮ್ಮನ ಗಂಟಿನಲ್ಲಿ ಸಿಕ್ಕಿತು. ಅದಾಗಿ ಸ್ವಲ್ಪ ದಿನಕ್ಕೆ ನರ್ಸಮ್ಮನ ಟವೆಲು ಅಜ್ಜಿಯ ಗಂಟಿನಲ್ಲಿ. ಅದಾದ ಮೇಲೆ ಡ್ರೈವರನ ಪ್ಯಾಂಟು ಎಲ್ಲಿ ಹೋಯಿತೋ ಪತ್ತೆಯೇ ಇಲ್ಲ. ಈ ಸಲ ಆಣೆ ಮಾಡಿ ಹೇಳಬಹುದು, ಅವಳು ಮಾಡಿದ್ದಲ್ಲ. ಸಾಹೇಬರು ಬನಿಯನ್ನಿನ ನಂಬರು ಅವಳ ಮೂಗಿನ ಹತ್ತಿರ ಹಿಡಿದು, "ಇದು ಕಾಣಿಸಲ್ವೇನಮ್ಮಾ?" ಅಂದರು. ಅವಳು ಕೆಲಸ ಬಿಟ್ಟು ಕಣ್ಣಿನ ಡಾಕ್ಟರ ಹತ್ತಿರ ಓಡಿದಳು. ಡಾಕ್ಟರು ಅಕ್ಷರ ಓದಿಸಿ, ಕಣ್ಣು ಚೆನ್ನಾಗಿದೆ, ಹೋಗಿ ಅಂದರು. ಅದು ಇನ್ನೂ ಹೆದರಿಕೆ. ಕಣ್ಣು ನೆಟ್ಟಗಿದ್ದರೆ ಕೆಟ್ಟಿರುವುದು ತಲೆಯೇ ಆಗಬೇಕಲ್ಲ. ಇಷ್ಟು ವರ್ಷ ಮರೆವಿನ ನಾಟಕ ಆಡಿದ್ದಕ್ಕೆ ದೇವರು ನಿಜವಾದ ಮರೆವನ್ನೇ ಕಳಿಸಿದ್ದಾನೆ ಅಂತ ಅವಳಿಗೆ ಅನ್ನಿಸಿಬಿಟ್ಟಿತು. ಇಸ್ತ್ರಿಪೆಟ್ಟಿಗೆ ಆರಿಸಿದೆನೋ ಇಲ್ಲವೋ ಅಂತ ಅರ್ಧ ದಾರಿಯಿಂದ ತಿರುಗಿ ಬರುವಷ್ಟು ಧೈರ್ಯಗೆಟ್ಟಳು.

ಆದರೂ ಒಳಗೊಂದು ಹುಳ ಕೊರೆಯುತ್ತಿತ್ತು. ತಾನು ಕಟ್ಟಿದ ಗಂಟು ಅವಳಿಗೆ ಗೊತ್ತಿಲ್ಲವೇ, ಯಾರೋ ಬಿಚ್ಚಿ ಕಟ್ಟಿದ ಹಾಗಿತ್ತು. ಒಂದು ಮಧ್ಯಾಹ್ನ ಎಲ್ಲ ಗಂಟುಗಳನ್ನೂ ಕಟ್ಟಿ ಹಲಗೆಯ ಮೇಲಿಟ್ಟು, ಎಲ್ಲರಿಗೂ ಕೇಳುವ ಹಾಗೆ "ಅಂಗಡಿಗೆ ಹೋಗಿ ಬರ್ತೀನಿ" ಅಂತ ಗಾಳಿಗೆ ಹೇಳಿ, ನೇತು ಹಾಕಿದ ಬೆಡ್‌ಶೀಟುಗಳ ಹಿಂದೆ ನುಸುಳಿ, ಸಂದಿಯ ತೀರಾ ಒಳಗೆ ಮಂಡಿ ಮಡಚಿ ಕೂತಳು.

ಮೊದಲು ಬಂದವರು ಲೆಕ್ಕದ ಮೇಷ್ಟ್ರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಜೇಬಿನಿಂದ ತಮ್ಮದೇ ಕರ್ಚೀಫು ತೆಗೆದರು. ನರ್ಸಮ್ಮನ ಗಂಟು ಬಿಚ್ಚಿ ಅದರೊಳಗೆ ತುರುಕಿ, ತಿರುಗಿ ಕಟ್ಟುವುದಕ್ಕೆ ಬಾರದೆ ಬೂಟಿನ ಲೇಸಿನ ಹಾಗೆ ಹೂಗಂಟು ಹಾಕಿ ಜಾಗ ಖಾಲಿ ಮಾಡಿದರು. ಆಮೇಲೆ ಅಜ್ಜಿ. ಸದ್ದಾಗಬಾರದು ಅಂತ ಕೋಲನ್ನು ಕಂಕುಳಲ್ಲಿ ಇರುಕಿಕೊಂಡು, ಗೋಡೆ ಹಿಡಿದು ಹೆಜ್ಜೆ ಹೆಜ್ಜೆಯಾಗಿ ಬಂದಳು. ತನ್ನ ಗಂಟಿನಿಂದ ಒಂದು ಟವೆಲು ಎಳೆದು ಡ್ರೈವರನ ಗಂಟಿಗೆ ಹಾಕುತ್ತಿರುವಾಗ ಹಿಂದಿನಿಂದ ನರ್ಸಮ್ಮ ಬಂದುಬಿಟ್ಟಳು, ಅವಳ ಕೈಯಲ್ಲೂ ಏನೋ ಮಡಿಸಿದ ಬಟ್ಟೆ.

"ಗಂಟು ತಗೊಂಡು ಹೋಗೋಣ ಅಂತ ಬಂದೆ" ಅಂದಳು ಅಜ್ಜಿ.

"ನಾನೂ ಅಷ್ಟೇ ಅಜ್ಜಿ" ಅಂದಳು ನರ್ಸಮ್ಮ.

ಇಬ್ಬರೂ ತಮ್ಮ ಗಂಟು ತೆಗೆದುಕೊಳ್ಳದೆಯೇ ಮೇಲೆ ಹೋದರು.

ಬೆಡ್‌ಶೀಟಿನ ಹಿಂದೆ ಕೂತವಳಿಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಳ್ಳಬೇಕಾಯಿತು. ತಲೆ ಕೆಟ್ಟಿಲ್ಲ, ಸದ್ಯ. ಅದರ ಹಿಂದೆಯೇ ಸಿಟ್ಟು ನೆತ್ತಿಗೇರಿತು. ಇವರ ಆಟಕ್ಕೆ ತನ್ನ ಅನ್ನಕ್ಕೆ ಕಲ್ಲು ಬೀಳುತ್ತಿದೆಯಲ್ಲ. ಎದ್ದು ಹೋಗಿ ಒಬ್ಬೊಬ್ಬರ ನೀರಿಳಿಸೋಣ ಅಂದರೆ ಕಾಲು ಜೋಮು ಹಿಡಿದಿತ್ತು.

ನಾಳೆ ವಿಚಾರಿಸಿಕೊಳ್ಳುತ್ತೇನೆ ಅಂದುಕೊಂಡಳು. ಆದರೆ ಅಂದು ಸಂಜೆಯೇ ಗೋಡೆಯ ಮೇಲೆ ಹೊಸ ನೋಟಿಸು ಬಿತ್ತು. ಭಾನುವಾರ ಸಭೆ. ವಿಷಯ ಒಂದೇ, ಮೆಟ್ಟಿಲ ಕೆಳಗಿನ ಜಾಗ.

ಈಗ ಅವಳ ಪರದಾಟ ಕೇಳಿ. ಕಂಡದ್ದನ್ನು ಸಭೆಯಲ್ಲಿ ಹೇಳಿಬಿಟ್ಟರೆ ಜಾಗ ಉಳಿಯುತ್ತದೆ, ಸರಿ. ಆದರೆ ತಲೆ ನರೆತ ಮೇಷ್ಟ್ರು ಮಧ್ಯಾಹ್ನ ಹೆಂಗಸರ ಬಟ್ಟೆಗಂಟು ಬಿಚ್ಚುತ್ತಿದ್ದರು ಅಂತ ಎಲ್ಲರೆದುರು ಹೇಗೆ ಹೇಳುವುದು. ಅಜ್ಜಿಯನ್ನು ಕಳ್ಳಿ ಅನ್ನುವುದೇ. ಅಲ್ಲದೆ ಒಂದು ದಾರ ಎಳೆದರೆ ತನ್ನ ಇಷ್ಟು ವರ್ಷದ ಬಂಡವಾಳವೂ ಬಿಚ್ಚಿಕೊಳ್ಳುತ್ತದೆ. ಭಾನುವಾರದವರೆಗೂ ಅವಳು ಇದನ್ನೇ ಮಗುಚಿ ಹಾಕುತ್ತಾ ಇದ್ದಳು. ಬಟ್ಟೆ ಕೊಡಲು ಬಂದ ಮೇಷ್ಟ್ರೂ ಅಜ್ಜಿಯೂ ಅವಳ ಮುಖ ನೋಡದೆ ಬಟ್ಟೆ ಇಟ್ಟು ಹೋದರು.

ಸಭೆ ಸೇರಿದ್ದು ಕೆಳಗಿನ ಮೊಗಸಾಲೆಯಲ್ಲಿ. ಪ್ಲಾಸ್ಟಿಕ್ ಕುರ್ಚಿಗಳು ಸಾಲದೆ ಕೆಲವರು ಗೋಡೆಗೆ ಒರಗಿ ನಿಂತಿದ್ದರು, ನೋಟಿಸು ಬಿಟ್ಟು. ಅದಲುಬದಲಕ್ಕ ತನ್ನ ಮೇಜಿನ ಪಕ್ಕದಲ್ಲೇ ನಿಂತಳು. ಸಾಹೇಬರು ಗಂಟಲು ಸರಿಮಾಡಿಕೊಂಡರು.

"ನಂಬರು ಹೊಲಿಸಿದ ಮೇಲೂ ತಪ್ಪು ನಿಂತಿಲ್ಲ. ಆಗಲ್ಲ ಅಂತಲ್ಲ, ಮನಸ್ಸಿಲ್ಲ. ನನ್ನ ಮನೆ ಗಂಟನ್ನೇ ತಗೊಳ್ಳಿ. ನಾನು ಬಂದಾಗಿಂದ ಒಂದೇ ಒಂದು ಸಲ ತಪ್ಪಿಲ್ಲ. ನನ್ನದು ಸರಿಯಾಗಿ ಬರುತ್ತೆ ಅಂದ್ರೆ ನಿಮ್ಮದು ಯಾಕೆ ಬರಲ್ಲ? ಏನಮ್ಮಾ, ನಿನ್ನ ಮಾತೇನಾದ್ರೂ ಇದ್ಯಾ?"

ಅವಳು ಮೇಷ್ಟ್ರನ್ನು ನೋಡಿದಳು. ಮೇಷ್ಟ್ರು ಚಪ್ಪಲಿ ನೋಡಿಕೊಂಡರು. ಅಜ್ಜಿಯನ್ನು ನೋಡಿದಳು. ಅಜ್ಜಿ ಕೋಲಿನ ತುದಿ ಪರೀಕ್ಷೆ ಮಾಡುತ್ತಿದ್ದಳು. ನರ್ಸಮ್ಮ ಕೂಸನ್ನು ಎತ್ತಿಕೊಂಡು ಅದರ ಹಿಂದೆ ಮುಖ ಮರೆಸಿಕೊಂಡಿದ್ದಳು. ಹೇಳಿಬಿಡಲಾ ಅಂತ ಮಾತು ನಾಲಿಗೆ ತುದಿಗೆ ಬಂತು. ಆದರೆ ಆ ಮುಖಗಳನ್ನು ಅವಳು ವರ್ಷಗಟ್ಟಲೆ ಒಂದಕ್ಕೊಂದು ಕೂಡಿಸಿದ್ದಳು. ಈಗ ಅವನ್ನು ತನ್ನ ಕೈಯಾರೆ ಹರಿಯುವುದು ಅವಳಿಂದ ಆಗಲಿಲ್ಲ.

"ತಪ್ಪು ನಂದೇ ಸ್ವಾಮಿ. ವಯಸ್ಸಾಯ್ತು, ನಂಬರು ನೋಡಿದ್ರೂ ಕೈ ತಪ್ಪುತ್ತೆ. ಮೇಜು ಎತ್ತಿಸ್ತೀನಿ" ಅಂದಳು. ಹೇಳುವಾಗ ದನಿ ನಡುಗಿತು. ಅದು ನಾಟಕವಲ್ಲ.

ಅಜ್ಜಿ ಕೋಲು ಊರಿ ಎದ್ದಳು.

"ಸುಳ್ಳು ಹೇಳ್ಬೇಡ ಕಣೇ. ಟವೆಲು ಹಾಕಿದ್ದು ನಾನು. ಡ್ರೈವರ ಹೆಂಡ್ತಿ ಜೊತೆ ಮಾತಾಡಿ ಎಷ್ಟು ದಿನ ಆಗಿತ್ತು. ಹಾಗೇ ಸುಮ್ನೆ ಹೋದ್ರೆ ಯಾಕೆ ಬಂದ್ರಿ ಅಂತಾರೆ. ಟವೆಲು ಅವರ ಮನೇಲಿದ್ರೆ ಹೋಗ್ಲೇಬೇಕಲ್ಲ."

ಕೂಡಲೇ ಮೇಷ್ಟ್ರು ಎದ್ದು ನಿಂತರು, ಶಿಕ್ಷೆಗೆ ನಿಂತ ವಿದ್ಯಾರ್ಥಿಯ ಹಾಗೆ. "ಬನಿಯನ್ನು ನಾನೇ ಹಾಕಿದ್ದು. ನನ್ನ ಬಿ.ಪಿ. ನೋಡಿಸ್ಬೇಕಿತ್ತು. ಕೇಳೋಕೆ ಸಂಕೋಚ ಆಯ್ತು."

"ಅಯ್ಯೋ ಮೇಷ್ಟ್ರೇ, ಹೇಳಿದ್ರೆ ನಾನೇ ಬರ್ತಿದ್ನಲ್ಲ" ಅಂದಳು ನರ್ಸಮ್ಮ. "ಅಜ್ಜಿ ಗಂಟಿಗೆ ನನ್ನ ಟವೆಲು ನಾನೇ ಹಾಕಿದ್ದೆ. ಮನೇಲಿ ಒಬ್ಳೇ ಕೂತು ಸಾಕಾಗಿತ್ತು."

ಡ್ರೈವರು ತಲೆ ಕೆರೆದುಕೊಂಡ. "ನಾನೂ ಒಂದು ಪ್ಯಾಂಟು ಹಾಕಿದ್ದೆ. ಯಾರ ಗಂಟಿಗೆ ಅಂತ ಮರೆತುಹೋಯ್ತು. ಇವತ್ತಿಗೂ ಯಾರೂ ತಂದುಕೊಟ್ಟಿಲ್ಲ."

"ನಮ್ಮನೇಲಿದೆ. ನೀವೇ ಕೇಳ್ಕೊಂಡು ಬರ್ತೀರಾ ಅಂತ ಕಾಯ್ತಿದ್ವಿ" ಅಂತ ಹಿಂದಿನಿಂದ ಹಸುಗೂಸಿನ ತಾಯಿಯ ದನಿ ಬಂತು.

ಮೊಗಸಾಲೆ ನಗೆಯಲ್ಲಿ ಮುಳುಗಿತು. ನಗದೆ ಇದ್ದವಳು ಇವಳೊಬ್ಬಳೇ. "ನಿಮಗೆಲ್ಲ ತಮಾಷೆ. ನಾನಿಲ್ಲಿ ಕಣ್ಣು ಹೋಯ್ತು ಅಂತ ಡಾಕ್ಟರ ಹತ್ರ ಓಡಿದೆ, ತಲೆ ಕೆಟ್ಟಿತು ಅಂತ ಹೆದರಿದೆ. ಅನ್ನ ಸೇರಲಿಲ್ಲ, ನಿದ್ದೆ ಬರಲಿಲ್ಲ. ಒಂದು ಮಾತು ಹೇಳೋಕೆ ನಿಮಗೇನಾಗಿತ್ತು? ಬಾಯಿ ಇರಲಿಲ್ವಾ?"

"ನೀನು ಇಷ್ಟು ವರ್ಷ ನಮಗೆ ಮಾಡಿದಾಗ ಹೇಳಿ ಮಾಡಿದ್ಯಾ?" ಅಂದಳು ಅಜ್ಜಿ.

ಅವಳು ಮೇಜು ಬಿಟ್ಟು ಅಜ್ಜಿಯ ಹತ್ತಿರ ಬಂದಳು. "ನಿಮಗೆ ಗೊತ್ತಿತ್ತಾ?"

"ನೈಟಿ ಹೋಯ್ತಲ್ಲ, ಅವತ್ತಿಂದ್ಲೇ ಗೊತ್ತು. ಎಲ್ಲರಿಗೂ ಗೊತ್ತು."

"ಮತ್ತೆ ಯಾಕೆ ಸುಮ್ಮನಿದ್ರಿ?"

"ಹೇಳಿದ್ರೆ ನೀನು ನಿಲ್ಲಿಸಿಬಿಡ್ತಿದ್ದೆ ಅಂತ."

ತಾನು ಇಡೀ ಕಟ್ಟಡಕ್ಕೆ ಟೋಪಿ ಹಾಕಿದ್ದೇನೆ ಅಂದುಕೊಂಡಿದ್ದವಳ ತಲೆಯ ಮೇಲೆ ಎಲ್ಲರೂ ಸೇರಿ ಯಾವಾಗಲೋ ಟೋಪಿ ಇಟ್ಟಾಗಿತ್ತು. ಅವಳಿಗೆ ಅಳು ಬಂತು, ನಗುವೂ ಬಂತು, ಎರಡನ್ನೂ ಒಟ್ಟಿಗೇ ಮಾಡಿ ಮೂಗು ಒರೆಸಿಕೊಂಡಳು.

ಆಗಲೇ ಸಾಹೇಬರ ದನಿ ಕೇಳಿದ್ದು. ಅದು ನೋಟಿಸಿನ ದನಿಯಾಗಿರಲಿಲ್ಲ.

"ಹಾಗಾದ್ರೆ ನನ್ನ ಗಂಟು ಯಾವಾಗ್ಲೂ ಸರಿಯಾಗಿ ಬರೋದು..." ಅಂತ ಶುರು ಮಾಡಿದರು.

ನಗು ಒಬ್ಬೊಬ್ಬರ ಮುಖದಿಂದಲೂ ಇಳಿಯಿತು. ಯಾರಾದರೂ ಒಂದು ಒಳ್ಳೆಯ ಸುಳ್ಳು ಹೇಳಬಹುದಿತ್ತು. ಯಾರಿಗೂ ಹೊಳೆಯಲಿಲ್ಲ. ಎಲ್ಲರೂ ಅದಲುಬದಲಕ್ಕನ ಕಡೆ ನೋಡಿದರು.

"ನಿಮ್ಮ ಬಾಗಿಲು ತಟ್ಟೋಕೆ ಯಾರಿಗೂ ಧೈರ್ಯ ಬರಲಿಲ್ಲ ಸಾಹೇಬ್ರೇ" ಅಂದಳು ಅವಳು. "ನಂಗೂ ಬರಲಿಲ್ಲ. ಅದು ನಾನು ಮಾಡಿದ ತಪ್ಪು."

ಸಾಹೇಬರು ತಮ್ಮ ಕುರ್ಚಿಯನ್ನು ತಾವೇ ಮಡಿಸಿ ಗೋಡೆಗಿಟ್ಟು ಮೆಟ್ಟಿಲು ಹತ್ತಿದರು. ಸಭೆ ಏನು ತೀರ್ಮಾನ ಮಾಡಿತು ಅಂತ ಯಾರಿಗೂ ಗೊತ್ತಾಗಲಿಲ್ಲ.

ಮಾರನೇ ದಿನ ಅವಳು ಇಸ್ತ್ರಿ ಮಾಡುತ್ತಿದ್ದಳು, ಕಿವಿಯೆಲ್ಲ ಮೆಟ್ಟಿಲ ಮೇಲೆ. ಮೇಜು ಎತ್ತಿಸುವುದಕ್ಕೆ ಆಳು ಬರುತ್ತಾರೋ, ಪೊರಕೆ ಬರುತ್ತದೋ. ಬಂದದ್ದು ಸಾಹೇಬರೇ, ಕೈಯಲ್ಲಿ ಎರಡು ದಿನದ ಬಟ್ಟೆ. ಮೇಜಿನ ಮೇಲಿಟ್ಟು ಗೋಡೆಯ ಕಡೆ ನೋಡುತ್ತಾ ಹೇಳಿದರು:

"ಜಾಗದ ವಿಷಯ ಮುಂದೂಡಲಾಗಿದೆ."

"ಎಲ್ಲೀವರೆಗೆ ಸ್ವಾಮಿ?"

"ಇವತ್ತು ಸಂಜೆ ನನ್ನ ಗಂಟು ನೋಡ್ತೀನಿ. ಈ ಸಲವೂ ಸರಿಯಾಗೇ ಬಂದ್ರೆ, ನಿನಗೆ ಈ ಜಾಗ ಇಲ್ಲ."

ಅವಳು ತುಟಿ ಕಚ್ಚಿಕೊಂಡು, "ಆಗಲಿ ಸ್ವಾಮಿ" ಅಂದಳು.

ಸಂಜೆ ಸಾಹೇಬರು ಗಂಟು ತೆಗೆದುಕೊಂಡು ಮೇಲೆ ಹೋದರು. ಹೋದಷ್ಟೇ ಬೇಗ ದಡದಡ ಇಳಿದು ಬಂದರು, ಗಂಟು ಕಂಕುಳಲ್ಲೇ ಇತ್ತು. ಏದುಸಿರು, ಮುಖ ಕೆಂಪು. ಅವರು ಅಷ್ಟು ಸಪ್ಪಗಾದದ್ದನ್ನು ಅವಳು ಕಂಡಿರಲಿಲ್ಲ.

"ಬೇರೆಯವರದ್ದು ಒಂದೂ ಇಲ್ಲ. ಎಲ್ಲಾ ನನ್ನದೇ" ಅಂದರು.

"ನಿಮ್ಮದೆಲ್ಲಾ ಇದ್ಯಾ?"

ಸಾಹೇಬರು ನಿಂತಲ್ಲೇ ಗಂಟು ಮತ್ತೆ ಬಿಚ್ಚಿ, ಒಂದೊಂದೇ ಬಟ್ಟೆ ತೆಗೆದು ಎರಡೆರಡು ಸಲ ಎಣಿಸಿದರು. ಬೂದು ಬಣ್ಣದ ಸ್ವೆಟರು ಇರಲಿಲ್ಲ. ಅವಳು ಇನ್ಯಾರದೋ ಕಾಲರಿಗೆ ನೀರು ಚಿಮುಕಿಸತೊಡಗಿದಳು. ಅಷ್ಟರಲ್ಲಿ ಮೇಲಿನಿಂದ, ಕೊನೇ ಮಹಡಿಯಿಂದ, ಬಾಗಿಲು ಬಡಿಯುವ ಸದ್ದು ಕೇಳಿತು, ಕೈಯಿಂದಲ್ಲ, ಕೋಲಿನಿಂದ.

"ಸಾಹೇಬ್ರೇ, ಎಲ್ಲಿ ಹೋದ್ರಿ? ನಿಮ್ಮ ಸ್ವೆಟರು ಹಿಡ್ಕೊಂಡು ಇಷ್ಟು ಮೆಟ್ಟಿಲು ಹತ್ತಿದೀನಿ. ಮಂಡಿ ಬಿದ್ದುಹೋಯ್ತು. ಮೊದಲು ಒಂದು ಲೋಟ ನೀರು ಕೊಡಿ."

"ಬಂದೆ, ಬಂದೆ" ಅಂದರು ಸಾಹೇಬರು. ಬಿಚ್ಚಿದ ಗಂಟನ್ನು ಮೇಜಿನ ಮೇಲೇ ಬಿಟ್ಟು, ಮೆಟ್ಟಿಲು ಹತ್ತುತ್ತಲೇ ಎರಡೂ ಜೇಬು ತಡಕಾಡಿದರು. ಕೆಳಗಿನಿಂದ ಅವಳಿಗೆ ಅವರ ಕಾಲಷ್ಟೇ ಕಾಣಿಸುತ್ತಿತ್ತು, ಒಂದೊಂದು ಸುತ್ತಿಗೂ ಚುರುಕಾಗುತ್ತಾ ಹೋಯಿತು. ಆಮೇಲೆ ಅಜ್ಜಿಯ ದನಿ ಮಾತ್ರ ಕೇಳಿತು.

"ಬೀಗದ ಕೈ ಯಾಕೆ ಹುಡುಕ್ತೀರಿ? ಬಾಗಿಲು ತೆಗೆದೇ ಇದೆಯಲ್ಲ."